ಓದಿಸಿಕೊಂಡು ಹೋಗುವ ಪುಸ್ತಕ

ಹೊಸ ಗ್ರಂಥಪಾಲಕಿಗೆ ಓದುವ ಅಭ್ಯಾಸವಿರಲಿಲ್ಲ. ಪುಸ್ತಕಕ್ಕೆ ನಂಬರು ಹಾಕುವುದರಲ್ಲಿ, ತಡವಾಗಿ ತಂದವರನ್ನು ಗದರಿಸುವುದರಲ್ಲಿ ಅವಳದು ಎತ್ತಿದ ಕೈ. ಆದರೆ ಆವತ್ತು ಮಧ್ಯಾಹ್ನ ಗ್ರಂಥಾಲಯ ಸಮಿತಿಯ ಅಧ್ಯಕ್ಷರು ಫೋನು ಮಾಡಿ, "ಈ ವರ್ಷ ಓದಲೇಬೇಕಾದ ಹನ್ನೆರಡು ಕಾದಂಬರಿ, ಆತ್ಮಕಥೆಗಳ ಪಟ್ಟಿ ಬೋರ್ಡಿಗೆ ಹಾಕಮ್ಮ. ನಿನಗೆ ಇಷ್ಟವಾದದ್ದೇ ಇರಲಿ. ಐದು ಗಂಟೆಗೆ ಬಂದು ನೋಡ್ತೀನಿ. ನಿನ್ನ ನೌಕರಿ ಕಾಯಂ ಮಾಡೋ ಕಾಗದಕ್ಕೂ ಆಗಲೇ ಸಹಿ ಹಾಕ್ತೀನಿ" ಎಂದು ಫೋನು ಇಟ್ಟುಬಿಟ್ಟರು.

ಅವಳು ಹಿಂದಿನ ಕೋಣೆಗೆ, ಬೈಂಡರನ ಹತ್ತಿರ ಓಡಿದಳು. ಅವನೂ ಓದಿದವನೇನಲ್ಲ. ಆದರೆ ಇಪ್ಪತ್ತೆರಡು ವರ್ಷ ಹರಿದ ಪುಸ್ತಕ ಹೊಲಿದವನಿಗೆ ಯಾವುದನ್ನು ಎಷ್ಟು ಬೆರಳು ಮುಟ್ಟಿವೆ ಎಂಬುದು ಬಾಯಿಪಾಠವಾಗಿತ್ತು.

"ಇದನ್ನ ಬರ್ಕೊಳ್ಳಿ ಮೇಡಂ, ನಾಲ್ಕು ಸಲ ಬೆನ್ನು ಮುರ್ಕೊಂಡು ಬಂದಿದೆ. ಇದು ಬೇಡ, ಮೊದಲ ಐವತ್ತು ಪುಟ ಕೊಳೆ, ಆಮೇಲೆ ಹಾಲಿನಷ್ಟು ಬಿಳುಪು. ಇದರಲ್ಲಿ ಎಂಬತ್ತನೇ ಪುಟ ಯಾರೋ ಕಿತ್ಕೊಂಡೇ ಹೋಗಿದ್ದಾರೆ. ಕಣ್ಮುಚ್ಕೊಂಡು ಹಾಕಿ."

ಹನ್ನೊಂದಾದವು. "ಹನ್ನೆರಡನೇದು ಅಧ್ಯಕ್ಷರ ಆತ್ಮಕಥೆ" ಎಂದ.

"ಅವರೂ ಬರೆದಿದ್ದಾರಾ ಅಣ್ಣಾ?"

"ಮತ್ತೆ ಈ ಪಟ್ಟಿ ಯಾಕೆ ಅಂದ್ಕೊಂಡ್ರಿ?"

ಹುಡುಕಿ ತಂದಳು. ಹದಿನಾಲ್ಕು ವರ್ಷದ ಪುಸ್ತಕ ನಿನ್ನೆ ಅಚ್ಚಾದಂತಿತ್ತು. ದಿನಾಂಕದ ಚೀಟಿಯ ಮೇಲೆ ಒಂದೇ ಒಂದು ಮೊಹರಿಲ್ಲ. "ಇದನ್ನ ಹೀಗೇ ನೋಡಿದ್ರೆ ನನ್ನ ಕಥೆ ಮುಗೀತು" ಎಂದಳು.

"ಕೊಡಿ ಇಲ್ಲಿ."

ಬೈಂಡರ್ ಪುಸ್ತಕವನ್ನು ಮೊಣಕಾಲಿಗೆ ಕೊಟ್ಟು ಲಟಕ್ಕನೆ ಬೆನ್ನು ಮುರಿದ. ಎಣ್ಣೆ ಹಚ್ಚಿದ ತನ್ನ ತಲೆ ಸವರಿಕೊಂಡು ಅದೇ ಬೆರಳನ್ನು ಪುಟಗಳ ಮೂಲೆಗೆ ಉಜ್ಜಿದ. ರಟ್ಟಿನ ಮೇಲೆ ಚಹಾದ ಲೋಟ ಇಟ್ಟು ಎತ್ತಿದ. ಹೊಲಿಗೆ ಪೂರ್ತಿ ಕಿತ್ತುಬಂತು. ಬಿಡಿಬಿಡಿಯಾದ ಫಾರಂಗಳನ್ನು, ಎಂದರೆ ಹದಿನಾರು ಹದಿನಾರು ಪುಟದ ಕಟ್ಟುಗಳನ್ನು, ಗಡಿಬಿಡಿಯಲ್ಲಿ ಅಂಟು ಹಚ್ಚಿ ಕೂರಿಸಿದ. ಚೀಟಿಯ ಮೇಲೆ ಮೂವತ್ತೊಂದು ಮೊಹರು ಒತ್ತಿದವಳು ಅವಳೇ.

"ಕಣ್ಣೀರು ಎಲ್ಲಿ ಹಾಕ್ಲಿ ಅಣ್ಣಾ?" ನೀರಿನ ಲೋಟ ಹಿಡಿದು ಕೇಳಿದಳು.

"ಇನ್ನೂರನೇ ಪುಟದಲ್ಲಿ. ಅಲ್ಲಿವರೆಗೆ ಓದಿದವರು ಅತ್ತೇ ಅತ್ತಿರ್ತಾರೆ."

ಐದಕ್ಕೆ ಸರಿಯಾಗಿ ಅಧ್ಯಕ್ಷರು ಬಂದರು. ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿದರು. "ನಂದ್ಯಾಕಮ್ಮ ಹಾಕೋಕೆ ಹೋದೆ" ಎನ್ನುತ್ತಲೇ ಪುಸ್ತಕಕ್ಕೆ ಕೈಚಾಚಿದರು. ಮುರಿದ ಬೆನ್ನನ್ನು ಮಗುವಿನ ಬೆನ್ನಿನಂತೆ ನೇವರಿಸಿದರು. ಇನ್ನೂರನೆಯ ಪುಟ ಬಂದಾಗ ಅವರ ಕಣ್ಣಲ್ಲೂ ನೀರು.

"ನಿನಗೆ ಯಾವ ಭಾಗ ಹಿಡಿಸ್ತು?"

ಅವಳು ಪುಸ್ತಕದ ದಪ್ಪ ನೋಡಿದಳು. "ನಡುವಿನದು ಸಾರ್."

ಅಧ್ಯಕ್ಷರು ನಡುವೆ ತೆರೆದು, ಎಡಪುಟದ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು: "'ಆ ವರ್ಷ ನನಗೆ ಬಡ್ತಿ ದೊರೆಯಿತು.'" ಬೆರಳು ಬಲಪುಟಕ್ಕೆ ಜಿಗಿಯಿತು. "'ತರುವಾಯ ಇನ್ನೊಂದು ಬಡ್ತಿಯೂ ದೊರೆಯಿತು.' ನೋಡಿದ್ಯಾ? ಎಲ್ಲೂ ತಡೆಯೋದಿಲ್ಲ. ಹಾಗೇ ಓದಿಸಿಕೊಂಡು ಹೋಗುತ್ತೆ."

ಕಾಗದಕ್ಕೆ ಸಹಿ ಬಿತ್ತು. ಅಧ್ಯಕ್ಷರು ಪುಸ್ತಕವನ್ನು ಕಂಕುಳಲ್ಲಿ ಇರಿಸಿಕೊಂಡರು. "ಇದನ್ನ ಮನೆಗೆ ಒಯ್ತೀನಿ. ನಮ್ಮ ಮನೆಯವಳು ಇವತ್ತಿಗೂ ಮುಟ್ಟಿಲ್ಲ. ಊರೇ ಓದಿದೆ, ನೀನೂ ಓದು ಅಂತೀನಿ."

ಅವರು ಗೇಟು ದಾಟುತ್ತಿರುವಾಗ ಬೈಂಡರ್ ಹಿಂದಿನ ಕೋಣೆಯಿಂದ ಬಂದ. ಕೈಯಲ್ಲಿ ಒಂದು ಫಾರಂ.

"ಅಂಟಿನ ಡಬ್ಬಿ ಕೆಳಗೆ ಉಳಿದುಬಿಟ್ಟಿತ್ತು ಮೇಡಂ."

ಇಬ್ಬರೂ ನಿಂತಲ್ಲೇ ಓದಿದರು. ತೊಂಬತ್ತೇಳನೆಯ ಪುಟದಿಂದ ನೂರ ಹನ್ನೆರಡರವರೆಗೆ. ಒಂದು ಮದುವೆ, ಎರಡು ಹೆರಿಗೆ, ತಾಯಿಯ ಸಾವು. ಎರಡು ಬಡ್ತಿಗಳ ನಡುವಿನಿಂದ ಒಟ್ಟು ಹದಿನಾರು ಪುಟ ಹೋಗಿತ್ತು.