ಬಾವಿ ಕಡೆಯ ಕಿಟಕಿ

“ಆಯೀ, ಉಸ್ರು ಕಟ್ತಾ ಇದ್ದು!”

ಹಿತ್ತಿಲ ಬದಿಯ ಹೊರಕೋಣೆಯಿಂದ ಗಂಡ ಕೃಷ್ಣಾನಂದನ ದನಿ ಕೇಳಿದಾಗ ಶ್ರೀಮತಿ ಅವನಿಗೆಂದೇ ಗಂಜಿ ಆರಿಸುತ್ತಿದ್ದಳು. ಬಟ್ಟಲು ಅಲ್ಲೇ ಬಿಟ್ಟು ಓಡಿದಳು. ಅವಳಿಗಿಂತ ಮೊದಲೇ ಅತ್ತೆ ಮಾದೇವಿ ಸೆರಗನ್ನು ಮೂಗಿಗೆ ಒತ್ತಿಕೊಂಡು ಆ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಚಾಪೆಯ ಮೇಲೆ ಅವನು ಗೋಡೆಗೊರಗಿ ಕೂತು, ಬಾಯಿ ಕಳೆದು, ಗಾಳಿಯನ್ನು ಕಚ್ಚಿ ಕಚ್ಚಿ ಎಳೆಯುತ್ತಿದ್ದ. ಕರೆಂಟು ಬೆಳಿಗ್ಗೆಯೇ ಹೋಗಿತ್ತು. ಕುಮಟೆಯ ಮೇ ತಿಂಗಳ ಸೆಕೆ, ಫ್ಯಾನಿಲ್ಲದ ಕೋಣೆ.

ಕೊರೊನಾದ ಎರಡನೇ ಅಲೆ ಕೇರಿ ಕೇರಿ ಹೊಕ್ಕಿದ್ದ ಹೊತ್ತದು. ಸೊಸೈಟಿಯ ಕೌಂಟರಿನಲ್ಲಿ ಕೂರುವ ಕೃಷ್ಣಾನಂದ ಜ್ವರ ತಂದ. ರಿಪೋರ್ಟು ಬಂದ ಕೂಡಲೇ ಯಾರೂ ಹೇಳುವ ಮೊದಲೇ ಚಾಪೆ ಸುತ್ತಿಕೊಂಡು ಹೊರಕೋಣೆಗೆ ಹೋದ. ಮನೆಯಲ್ಲಿ ಸಕ್ಕರೆ ಕಾಯಿಲೆಯ ತಾಯಿ, ಏಳನೇ ಇಯತ್ತೆಯ ಮಗಳು ಸ್ಮೃತಿ. ಹೊರಕೋಣೆಗೆ ಬೇರೆ ಬಾಗಿಲು, ಬೇರೆ ಬಚ್ಚಲು. ಇಂಥ ಅನುಕೂಲ ಎಷ್ಟು ಮನೆಯಲ್ಲಿದೆ ಎಂದು ಆಶಾ ಕಾರ್ಯಕರ್ತೆಯೂ ಹೊಗಳಿ ಹೋದಳು. ಹೊಗಳುವವರಿಗೇನು, ಅದರಲ್ಲಿ ಮಲಗುವವರು ಅವರಲ್ಲವಲ್ಲ!

ಆ ಕೋಣೆ ಕಾಯಿಲೆಯವರಿಗೆಂದು ಕಟ್ಟಿಸಿದ್ದಲ್ಲ. ತಿಂಗಳಿಗೆ ಮೂರು ದಿನ ಹೊರಗೆ ಕೂರುವ ಸೊಸೆಗೆಂದು ಮಾದೇವಿ ಹಟ ಹಿಡಿದು ಕಟ್ಟಿಸಿದ್ದು. ಇಂಜಿನಿಯರು ನಕ್ಷೆಯಲ್ಲಿ ಒಂದು ಕಿಟಕಿ ಇಟ್ಟಿದ್ದ. ಅದು ಬಾವಿಯ ಕಡೆಗೆ ಬಿತ್ತು. ದೇವರ ಪೂಜೆಗೆ ಮಡಿನೀರು ಸೇದುವ ಬಾವಿ. ಹೊರಗಾದವಳ ಕಣ್ಣು ಅದರ ಮೇಲೆ ಬೀಳಬಹುದೇ? ಮಾದೇವಿ ಊಟ ಬಿಟ್ಟಳು. ಕೃಷ್ಣಾನಂದ ಓದಿದವನು, ಇದೆಲ್ಲ ಸುಳ್ಳು ಎಂದು ನಂಬಿದವನು. ಆದರೆ ತಾಯಿಯೊಡನೆ ಜಗಳ ಯಾರಿಗೆ ಬೇಕು? ತಾನೇ ನಿಂತು ಕಿಟಕಿಗೆ ಚಿರೆಕಲ್ಲು ತುಂಬಿಸಿ ಮೇಲೆ ಸಿಮೆಂಟಿನ ಗಿಲಾಯಿ ಮಾಡಿಸಿದ್ದ.

“ಶ್ರೀಮತೀ, ಮಾಣಿಗೆ ಉಸ್ರೇ ಬತ್ತಿಲ್ಲೆ! ಈ ಕೋಣೇಲಿ ಗಾಳಿನೇ ಇಲ್ಲೆ!” ಮಾದೇವಿ ಎದೆ ಬಡಿದುಕೊಂಡಳು.

“ಯಾವತ್ತೂ ಇತ್ತಿಲ್ಲೆ ಅತ್ತೆ.”

“ನೀ ಒಂದಿನಾನೂ ಹೇಳಿದ್ದಿಲ್ಲೆ!”

“ನಾ ಹೇಳಿದ್ದಿ. ಮೂರು ದಿನಕ್ಕೆ ಎಂತ ಸಾಯ್ತ್ಯನೆ ಹೇಳಿ ಬೈದ್ರಿ.”

ಶ್ರೀಮತಿಯ ಹೊಟ್ಟೆ ಒಂದು ಗಳಿಗೆ ತಣ್ಣಗಾಯಿತು. ಚಾಪೆಯ ಮೇಲೆ ಗಂಡ ಅಷ್ಟು ಒದ್ದಾಡುತ್ತಿರುವಾಗ ತನಗೆ ಹಾಗೆನ್ನಿಸಿತಲ್ಲ ಎಂದು ಮರುಗಳಿಗೆಯೇ ತನ್ನ ಮೇಲೇ ಹೇಸಿಗೆಯಾಯಿತು. ಆಂಬುಲೆನ್ಸಿಗೆ ಫೋನು ಮಾಡಿದಳು. ಹೊನ್ನಾವರಕ್ಕೆ ಹೋಗಿದೆ, ಬರಲು ತಡ ಎಂದರು. ಒಳಮನೆಗೆ ಬನ್ನಿ ಎಂದರೆ ಕೃಷ್ಣಾನಂದ ತಲೆಯಾಡಿಸಿದ. “ಆಯಿಗೆ ತಾಗ್ತು,” ಎಂದ. ಅಷ್ಟು ಹೇಳಲಿಕ್ಕೇ ಅವನಿಗೆ ಎರಡು ಸಲ ಉಸಿರು ಬೇಕಾಯಿತು. ಎಬ್ಬಿಸಿ ಹಿತ್ತಿಲಿಗೆ ತರೋಣವೆಂದರೆ ಎದ್ದು ನಿಲ್ಲುವ ತ್ರಾಣವೂ ಅವನಲ್ಲಿರಲಿಲ್ಲ. ತೆರೆದ ಬಾಗಿಲಿನ ಎದುರಿಗೇ ಬಚ್ಚಲಿನ ಗೋಡೆ. ಆ ಕಡೆಯಿಂದ ಒಂದು ಎಲೆ ಅಲುಗುವಷ್ಟೂ ಗಾಳಿ ಬರುತ್ತಿರಲಿಲ್ಲ.

ಶ್ರೀಮತಿ ತೆಂಗಿನ ಬುಡದಲ್ಲಿದ್ದ ಹಾರೆ ಎತ್ತಿಕೊಂಡು ಬಾವಿಯ ಕಡೆಗೆ ಹೋದಳು. ಮುಚ್ಚಿದ ಕಿಟಕಿಗೆ ಹಾಕಿದ ಮೊದಲ ಏಟಿಗೆ ಗಿಲಾಯಿ ಉದುರಿತು. ಕಲ್ಲು ಜಗ್ಗಲಿಲ್ಲ. ಕೈಗೆ ಬೊಬ್ಬೆ ಬಂದು ಹಾರೆ ಜಾರಿದಾಗ ಮಾದೇವಿ ಅದನ್ನು ಕಸಿದುಕೊಂಡಳು. ದೇವರಿಗೆ ಹೂವು ಕೊಯ್ಯುವ ಕೈಯಲ್ಲಿ ಹುಚ್ಚು ಹಿಡಿದವಳಂತೆ ಕುಟ್ಟಿದಳು. “ನನ್ನ ಮಾಣಿ, ನನ್ನ ಮಾಣಿ,” ಎನ್ನುತ್ತ ಕುಟ್ಟಿದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಆದರೆ ಆ ಮುದುಕಿಯನ್ನು ಆ ಹೊತ್ತಿನಲ್ಲಿ ನೋಡಿದ ಯಾರಿಗೂ ಗಾದೆ ಹೇಳುವ ಮನಸ್ಸಾಗುತ್ತಿರಲಿಲ್ಲ.

ಒಂದು ಕಲ್ಲು ಒಳಗೆ ಬಿತ್ತು. ಆಮೇಲೆ ಇನ್ನೊಂದು. ಕೃಷ್ಣಾನಂದ ತೆವಳಿಕೊಂಡು ಬಂದು ಆ ಸಂದಿಗೆ ಮುಖ ಕೊಟ್ಟ. ತೋಟದ ಕಡೆಯಿಂದ ಬಂದ ಗಾಳಿಗೆ ಹಣೆಯ ಕೂದಲು ಅಲುಗಿತು.

“ಬಾವಿ ಕಾಣ್ತು,” ಎಂದ.

ಸಂಜೆ ಆಂಬುಲೆನ್ಸ್ ಬಂದು ಅವನನ್ನು ಕಾರವಾರಕ್ಕೆ ಕರೆದೊಯ್ದಿತು. ಹೋದವನು ತಿರುಗಿ ಬರಲಿಲ್ಲ, ಬೂದಿ ಬಂತು. ಪುಪ್ಪುಸವೆಲ್ಲ ಹೋಗಿತ್ತು ಎಂದರು ಡಾಕ್ಟರು. ಕಿಟಕಿಯ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಮಳೆ ಹಿಡಿಯುವ ಮೊದಲು ಮಾದೇವಿಯೇ ಆಚಾರಿಯನ್ನು ಕರೆಸಿ ಅದಕ್ಕೆ ಚೌಕಟ್ಟು ಕೂರಿಸಿದಳು. ದಿನಾ ಅದರ ಮುಂದೆ ನಿಂತು ಅಳುತ್ತಿದ್ದಳು. ಶ್ರೀಮತಿಗೂ ಅಳು ಬರುತ್ತಿತ್ತು. ಅತ್ತೆಯ ಮೇಲಿನ ಹಳೆಯ ಸಿಟ್ಟನ್ನೆಲ್ಲ ಆ ಮಳೆಯಲ್ಲಿ ತೊಳೆದುಬಿಟ್ಟೆ ಎಂದೇ ಅವಳು ತಿಳಿದಿದ್ದಳು.

ಆಷಾಢದಲ್ಲಿ ಒಂದು ಬೆಳಿಗ್ಗೆ ಸ್ಮೃತಿ ದೊಡ್ಡವಳಾದಳು. ಹೆದರಿದ ಮಗಳಿಗೆ ಸಮಾಧಾನ ಹೇಳಿ ಶ್ರೀಮತಿ ಹಿತ್ತಿಲಿಗೆ ಬಂದರೆ ಹೊರಕೋಣೆಯ ಬಾಗಿಲು ತೆರೆದಿತ್ತು. ಮಾದೇವಿ ನೆಲ ಒರೆಸಿ, ಹೊಸ ಚಾಪೆ ಹಾಸಿ, ಬಾವಿ ಕಡೆಯ ಕಿಟಕಿಗೆ ತನ್ನ ಹಳೇ ಸೀರೆಯ ತುಂಡೊಂದನ್ನು ಪರದೆ ಕಟ್ಟುತ್ತಿದ್ದಳು.

ಸೊಸೆಯ ಮುಖ ನೋಡಿ ಮೆಲ್ಲಗೆ, ತುಂಬಾ ಪ್ರೀತಿಯಿಂದ ಹೇಳಿದಳು:

“ಹೆದ್ರಡ ಶ್ರೀಮತಿ. ಕೂಸಿಗೆ ಈಗ ಚೊಲೋ ಗಾಳಿ ಬತ್ತು.”