ದಪ್ಪ ಕೊಳವೆಯ ಸ್ವರ

ಇಗರ್ಜಿಯ ಹೊಸ ಪೈಪ್ ಆರ್ಗನ್ನಿನ ಒಂದೊಂದು ಕೊಳವೆಗೆ ಪ್ರತಿ ಮನೆಯವರೂ ಒಂದೊಂದು ಸದ್ದು ಕೊಡಬೇಕಿತ್ತು. ಕೊಟ್ಟ ಸದ್ದು ಮತ್ತೆ ಆ ಮನೆಯಲ್ಲಿ ಕೇಳಿಸುತ್ತಿರಲಿಲ್ಲ. ನೆರೆಮನೆಯವರು ಹುಂಜದ ಕೂಗು ಕೊಟ್ಟು ಹಾಯಾಗಿದ್ದರು. ಎಲ್ಲಕ್ಕಿಂತ ದಪ್ಪ ಕೊಳವೆಯೊಂದೇ ಖಾಲಿ ಉಳಿದಾಗ ಅಪೊಲಿನ್ ಖುಷಿಯಿಂದಲೇ ಗಂಡ ಲಿಗೋರಿಯ ಗೊರಕೆಯನ್ನು ಕೊಟ್ಟುಬಿಟ್ಟಳು. ಆಮೇಲೆ ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ, ಆರು ದಿನ ಅವಳಿಗೆ ನಿದ್ದೆಯೇ ಹತ್ತಲಿಲ್ಲ.

"ಅದನ್ನು ವಾಪಸ್ ಕೊಡಿ, ಫಾದರ್," ಎಂದು ಶನಿವಾರ ಬೇಡಿಕೊಂಡಳು.

"ಕೊಟ್ಟದ್ದು ಕೊಟ್ಟಾಯ್ತಲ್ಲ ಅಪೊಲಿನ್ ಬಾಯಿ. ನಾಳೆ ಪೂಜೆಗೆ ಬಂದು ಕೇಳಿ."

ಭಾನುವಾರ ಮೊದಲ ಹಾಡಿಗೇ ದಪ್ಪ ಕೊಳವೆ ಗುರ್ರೆಂದಿತು. ಅಪೊಲಿನಳ ತಲೆ ಮೆಲ್ಲನೆ ಗಂಡನ ಭುಜಕ್ಕೆ ವಾಲಿತು. ಫಾದರ್ ಉಪದೇಶದ ಪ್ರಸಂಗಕ್ಕೆ ಬಾಯಿ ತೆರೆಯುವಷ್ಟರಲ್ಲಿ ಲಿಗೋರಿ ಭುಜ ಅಲ್ಲಾಡಿಸದೆ ಕೈ ಎತ್ತಿದ.

"ಇವತ್ತು ಪ್ರಸಂಗ ಬೇಡ ಫಾದರ್, ಹಾಡೇ ಮುಂದುವರಿಯಲಿ. ಇವಳಿಗೆ ಆರು ದಿನದ ನಿದ್ದೆ ಬಾಕಿ ಉಂಟು."