ಬಾಗಿಲ ಮೇಲಿನ ಗರಗಸ

ಉಬ್ಬರದ ಹೊತ್ತಿಗೆ ಗಂಗೊಳ್ಳಿಯ ಮೀನುಗಳು ನೀರು ಬಿಟ್ಟು, ಗಾಳಿಯಲ್ಲೇ ಈಜುತ್ತ ಊರೊಳಗೆ ಬರುತ್ತವೆ. ಆಗ ಯಾರೂ ಬಲೆ ಮುಟ್ಟುವುದಿಲ್ಲ. ಮನೆಗೆ ಬಂದವರನ್ನು ಹಿಡಿಯುವುದುಂಟೇ? ಕಡಲಜೀವಿಗಳ ಅಧ್ಯಯನಕ್ಕೆಂದು ಬಂದ ನಾನು ಬಚ್ಚಿಯಕ್ಕನ ಜಗಲಿಯಲ್ಲಿ ಕೂತು ಅವನ್ನು ಎಣಿಸುತ್ತೇನೆ. ನನ್ನ ಪಟ್ಟಿಯಲ್ಲಿ ಗರಗಸ ಮೀನಿನ ಮುಂದೆ ಹನ್ನೊಂದು ವರ್ಷದಿಂದ ಸೊನ್ನೆ. ಆ ಹೆಸರನ್ನೇ ತೆಗೆದುಬಿಡಿ ಎಂದು ಮೇಲಿನವರು ಹೇಳಿದರೂ ನಾನು ತೆಗೆದಿರಲಿಲ್ಲ.

ಇವತ್ತು ಬೆಳಿಗ್ಗೆ ಬಂಗುಡೆಯ ಹಿಂಡು ತೆಂಗಿನ ಗರಿಗಳ ನಡುವೆ ಹಾಯ್ದು ಹೋದ ಮೇಲೆ, ಬೇಲಿಯ ಮೇಲಿಂದ ಅದು ಬಂತು. ದೋಣಿಯಷ್ಟು ಉದ್ದ, ಎರಡೂ ಅಂಚಿಗೆ ಹಲ್ಲಿರುವ ನೀಳ ಮೂತಿ, ಉಬ್ಬಿದ ಹೊಟ್ಟೆ.

"ಬಸ್ರಿ, ಕಾಣಿ," ಎಂದರು ಬಚ್ಚಿಯಕ್ಕ ಮೆಲ್ಲಗೆ.

ಮೀನು ಮನೆಯತ್ತ ತಿರುಗಿತು. ದೃಷ್ಟಿ ತಾಗದಿರಲೆಂದು ಬಚ್ಚಿಯಕ್ಕನ ಮಾವ ಎಂದೋ ಬಾಗಿಲ ಮೇಲೆ ಕಟ್ಟಿದ್ದ ಗರಗಸ ಅಂಥದ್ದೇ ಮೀನಿನ ಮೂತಿ. ಬಚ್ಚಿಯಕ್ಕ ದಡಬಡಿಸಿ ಸ್ಟೂಲು ಹತ್ತಿ, ಅದನ್ನು ಸೆರಗಿನಿಂದ ಮುಚ್ಚಿ ಹಿಡಿದರು.

"ಅಕ್ಕ, ಬೀಳ್ತೀರಿ!"

"ಬಿದ್ರೆ ಬೀಳ್ತೆ. ಇದ್ ಅದ್ರ ಹೆತ್ತಬ್ಬಿದಾಗಿದ್ರೆ?"

ಮೀನು ಆ ಸೆರಗಿನೆದುರು ತುಸು ಹೊತ್ತು ತೇಲುತ್ತ ನಿಂತು, ಬಾವಿಕಟ್ಟೆಯ ಕಡೆ ಹೊರಳಿತು. ನಾನು ಸೊನ್ನೆಯ ಜಾಗದಲ್ಲಿ ಒಂದು ಎಂದು ಬರೆದೆ. ಮೀನುಗಳೆಲ್ಲ ಕಡಲಿಗೆ ಮರಳುವವರೆಗೂ ಬಚ್ಚಿಯಕ್ಕ ಸ್ಟೂಲಿನಿಂದ ಇಳಿಯಲಿಲ್ಲ.